ನೀರು ಬಂದ ರೈತ, ನೀರು ಬರುವ ರೈತ

ಐದಾರು ವರ್ಷದ ಹಿಂದಿನ ಮಾತು. ಜನವರಿ ತಿಂಗಳ ಒಂದು ಸಂಜೆ ಊರಿಂದ ಅಪ್ಪ ಫೋನ್ ಮಾಡಿದ. ದನಿ ಇಳಿದಿತ್ತು. ‘ಯವ್ವಾ, ನೆಲ್ಲು ಹಚ್ಚಿದೋರಿಗೆ ನೀರು ಕೊಡಂಗಿಲ್ಲಂತ. ಪಂಚಾಯ್ತಿ ಗ್ವಾಡಿಗೆ ಕಾಗದ ಅಂಟಿಸ್ಯಾರ. ನಾವು ಎರಡೆಕರೆ ಹಚ್ಚಿ ಮುಗಿಸೀವಿ. ಈಗೇನು ಮಾಡೋದು?’ ತಮ್ಮನಿಗೆ ಹೇಳಿ ಆ ಕಾಗದದ ಫೋಟೊ ತರಿಸಿಕೊಂಡೆ. ತೆರೆದು ನೋಡಿದಾಗ ಎದೆ ಧಸಕ್ಕೆಂದಿತು. ಅದು ನಾನೇ ಬರೆದ ವಾಕ್ಯ.

ರಾಯಚೂರಿನಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಬಿಡುವಾದಾಗ ನೋಟಿಸು, ಕರಾರು, ಟೆಂಡರ್ ಷರತ್ತುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುತ್ತೇನೆ. ಆ ತಿಂಗಳು ಒಂದು ಕಚೇರಿಯಿಂದ ಒಂದು ಪುಟದ ಪ್ರಕಟಣೆ ಬಂದಿತ್ತು. ಅದರಲ್ಲಿ ಹೀಗೊಂದು ಸಾಲು: ‘ವಾಟರ್ ವಿಲ್ ನಾಟ್ ಬಿ ಸಪ್ಲೈಡ್ ಟು ಫಾರ್ಮರ್ಸ್ ಹೂ ಪ್ಲಾಂಟ್ ಪ್ಯಾಡಿ.’ ನಾನು ಬರೆದದ್ದು: ‘ಭತ್ತ ನಾಟಿ ಮಾಡಿದ ರೈತರಿಗೆ ನೀರು ಒದಗಿಸಲಾಗುವುದಿಲ್ಲ.’ ಬರೆಯುವಾಗ ಎಲ್ಲೂ ತಡವರಿಸಲಿಲ್ಲ. ಕನ್ನಡ ಕಿವಿಗೆ ಸಹಜವಾಗಿಯೇ ಕೇಳುವ ವಾಕ್ಯ ಅದು. ತಪ್ಪು ಕೂತದ್ದು ಆ ಸಹಜತೆಯ ಒಳಗೇ.

ಬೆಳಿಗ್ಗೆ ಅಲ್ಲಿನ ಇಂಜಿನಿಯರಿಗೆ ಫೋನ್ ಮಾಡಿ ಕೇಳಿದೆ. ‘ಇಲ್ಲ ಮೇಡಂ, ಇನ್ನ ಮ್ಯಾಲೆ ಯಾರೂ ಹಚ್ಚಬ್ಯಾಡ್ರಿ ಅಂತ ಅದರ ಅರ್ಥ. ಈಗಾಗಲೇ ಹಚ್ಚಿದ್ದಕ್ಕ ವಾರಾಬಂದಿ ಮ್ಯಾಲೆ ಕೊಡ್ತೀವಿ’ ಅಂದರು. ವಾರಾಬಂದಿ ಎಂದರೆ ಸರದಿಯ ಪ್ರಕಾರ ನೀರು ಬಿಡುವುದು. ಇಂಗ್ಲಿಷಿನ ‘ಹೂ ಪ್ಲಾಂಟ್’ ಎಂಬುದು ಇನ್ನು ಮುಂದೆ ಹಚ್ಚುವವರನ್ನು ಹಿಡಿದಿತ್ತು. ಹಚ್ಚಿ ಮುಗಿಸಿದವರನ್ನು ಹೇಳಬೇಕಿದ್ದರೆ ಅವರು ‘ಹೂ ಹ್ಯಾವ್ ಪ್ಲಾಂಟೆಡ್’ ಎನ್ನುತ್ತಿದ್ದರು. ನನ್ನ ‘ನಾಟಿ ಮಾಡಿದ’ ಇಬ್ಬರನ್ನೂ ಒಂದೇ ಬಲೆಯಲ್ಲಿ ಎಳೆದುಕೊಂಡಿತ್ತು. ಎರಡು ದಿನದಲ್ಲಿ ಕಾಗದ ಬದಲಾಯಿತು. ಅಷ್ಟರಲ್ಲಿ ಅಪ್ಪ ಗೊಬ್ಬರದ ಚೀಲ ಅಂಗಡಿಗೆ ವಾಪಸ್ ಕೊಟ್ಟಿದ್ದ, ಹಚ್ಚದೆ ಉಳಿದಿದ್ದ ಅರ್ಧ ಎಕರೆಯ ಸಸಿಯನ್ನು ಬಾಜೂ ಹೊಲದವರಿಗೆ ಕಿತ್ತುಕೊಟ್ಟಿದ್ದ. ಒಂದು ಅಕ್ಷರವೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಮ್ಮ ಊರು ಮಾನ್ವಿ ತಾಲ್ಲೂಕಿನಲ್ಲಿದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಒಟ್ಟು 220 ಕಿ.ಮೀ.ಗೂ ಹೆಚ್ಚು ಉದ್ದದ ಕಾಲುವೆ ಅದು. ಮುನಿರಾಬಾದಿನಲ್ಲಿ ಜಲಾಶಯ ಬಿಟ್ಟು ಹೊರಟ ನೀರು ಗಂಗಾವತಿ, ಕಾರಟಗಿ, ಸಿಂಧನೂರಿನ ನೆಲ್ಲಿನ ಗದ್ದೆಗಳನ್ನು ದಾಟಿ ನಮ್ಮ ಕಡೆ ಬರಬೇಕು. ಮೊದಲು ಹಾಕಿದ ಬೆಳೆ ಪದ್ಧತಿಯ ಪ್ರಕಾರ ಮೇಲ್ಭಾಗದಲ್ಲಿ ಇಷ್ಟೊಂದು ನೆಲ್ಲು ಇರಬಾರದಿತ್ತು. ಈಗ ಇದೆ. ನಡುವೆ ಪಂಪ್‌ಸೆಟ್ ಇಟ್ಟು ಎತ್ತುವವರೂ ಇದ್ದಾರೆ. ಹಾಗಾಗಿ ಕೊನೆ ಭಾಗದವರು ನೀರಿನ ವಿಷಯದಲ್ಲಿ ಒಂದೊಂದು ಮಾತನ್ನೂ ತೂಗಿ ಕೇಳುತ್ತಾರೆ. ಗೇಟಿನ ಹತ್ತಿರ ಒಬ್ಬ ‘ಬಿಟ್ಟಾರ’ ಅಂದನೋ ‘ಬಿಡ್ತಾರ’ ಅಂದನೋ ಎಂಬುದರ ಮೇಲೆ ಆ ರಾತ್ರಿ ಹೊಲದಲ್ಲಿ ಮಲಗಬೇಕೋ ಮನೆಯಲ್ಲೋ ಎಂಬುದು ತೀರ್ಮಾನವಾಗುತ್ತದೆ. ಅಂಥವರ ಕೈಗೆ ನಾನು ಎರಡರ್ಥದ ವಾಕ್ಯ ಕೊಟ್ಟಿದ್ದೆ.

ಆ ಪ್ರಸಂಗ ಆದಮೇಲೆ, ಪಾಠದ ಕೋಣೆಯಲ್ಲಿ ವರ್ಷವರ್ಷವೂ ಕೆಂಪು ಗೆರೆ ಎಳೆಯುತ್ತಿದ್ದ ಒಂದು ತಪ್ಪು ನನಗೆ ಬೇರೆ ರೀತಿ ಕಾಣತೊಡಗಿತು. ರಿಲೇಟಿವ್ ಕ್ಲಾಜ್, ಅಂದರೆ ‘ಹೂ’, ‘ದಟ್’ ಹಿಡಿದು ಬಂದು ಯಾರು, ಯಾವುದು ಎಂದು ಹೇಳುವ ಒಳವಾಕ್ಯ, ಕಲಿಸುವಾಗ ಮಕ್ಕಳು ತಪ್ಪದೆ ಹೀಗೆ ಬರೆಯುತ್ತಾರೆ: ‘ದ ಸ್ಟೂಡೆಂಟ್ ಹೂ ವಿಲ್ ಕಮ್ ಫಸ್ಟ್ ವಿಲ್ ಗೆಟ್ ದ ಪ್ರೈಜ್.’ ಮೊದಲ ‘ವಿಲ್’ಗೆ ಗೆರೆ ಎಳೆದು ಮೇಲೆ ‘ಕಮ್ಸ್’ ಎಂದು ಬರೆಯುತ್ತಿದ್ದೆ. ದೇವದುರ್ಗದ ಕಡೆಯ ಹುಡುಗಿಯೊಬ್ಬಳು ಒಮ್ಮೆ ಎದ್ದುನಿಂತು ಕೇಳಿದ್ದಳು, ‘ಮೇಡಂ, ನಾಳಿ ಬರೋನು ಅಂದ್ಮ್ಯಾಲೆ ವಿಲ್ ಹಾಕ್ಬೇಕಲ್ರಿ? ಬಹುಮಾನ ಕೊಡೋದೂ ನಾಳಿ, ಬರೋದೂ ನಾಳಿ. ಒಂದಕ್ಕ ವಿಲ್ ಅದ, ಇನ್ನೊಂದಕ್ಕ ಯಾಕಿಲ್ರಿ?’ ಆಗ ‘ರೂಲ್ ಹಂಗದವ್ವ’ ಎಂದಿದ್ದೆ. ಅಂಥ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಅವಳಿಗೆ ಉತ್ತರ ಇತ್ತು, ಅದೂ ನಮ್ಮ ಕಡೆಯೇ. ಕಾರ ಹುಣ್ಣಿಮೆಗೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ನಡೆಯುತ್ತದೆ. ಇನ್ನೂ ಒಂದು ಜೋಡಿಯೂ ಕಣಕ್ಕೆ ಇಳಿದಿರುವುದಿಲ್ಲ, ಆಗಲೇ ಮೈಕಿನಲ್ಲಿ ಕೂಗುತ್ತಾರೆ: ‘ಗೆದ್ದ ಎತ್ತುಗಳ ಮಾಲೀಕರಿಗೆ ಬಹುಮಾನ ಕೊಡಲಾಗುವುದು.’ ಗೆದ್ದ ಎತ್ತು ಎಲ್ಲಿದೆ? ಗೆಲುವು ಇನ್ನೂ ಆಗಿಲ್ಲ. ಆದರೂ ‘ಗೆದ್ದ’ ಎಂಬ ಭೂತಕಾಲದ ರೂಪವನ್ನು ಸಾವಿರಾರು ಜನ ತಕರಾರಿಲ್ಲದೆ ಕೇಳುತ್ತಾರೆ. ಬಹುಮಾನ ಕೊಡುವ ಹೊತ್ತಿಗೆ ಗೆದ್ದಾಗಿರುತ್ತದೆ, ಅಷ್ಟು ಸಾಕು. ಕನ್ನಡದ ‘ಗೆದ್ದ’, ‘ಬಂದ’, ‘ಹಚ್ಚಿದ’ ಎಂಬ ರೂಪಗಳು ಗಡಿಯಾರ ನೋಡಿ ಹುಟ್ಟಿದವಲ್ಲ. ವಾಕ್ಯದ ಕೊನೆಗೆ ಬರುವ ಕ್ರಿಯೆಗೆ ಮುಂಚೆ ಇದು ಮುಗಿದಿರುತ್ತದೋ ಇಲ್ಲವೋ ಎಂಬುದಷ್ಟೇ ಅವು ಹೇಳುತ್ತವೆ. ಕೊನೆಯ ಕ್ರಿಯಾಪದ ನಿನ್ನೆಯದಾದರೆ ಅವೂ ನಿನ್ನೆಗೆ ಹೋಗುತ್ತವೆ, ನಾಳೆಯದಾದರೆ ನಾಳೆಗೆ.

ಇಂಗ್ಲಿಷರು ಮಾಡುವುದು ಇದಕ್ಕೆ ಬಹಳ ದೂರವಿಲ್ಲ. ‘ದ ಪೇರ್ ದಟ್ ವಿನ್ಸ್ ವಿಲ್ ಗೆಟ್ ದ ಪ್ರೈಜ್’ ಎನ್ನುತ್ತಾರೆ. ಮುಖ್ಯ ವಾಕ್ಯದಲ್ಲಿ ‘ವಿಲ್’ ಒಮ್ಮೆ ಬಂದರೆ ಇಡೀ ಮಾತು ನಾಳೆಗೆ ಸೇರಿತು. ಒಳಗಿನ ಸಣ್ಣ ವಾಕ್ಯ ತನ್ನ ಕಾಲವನ್ನು ಹೊರಗಿನದರಿಂದಲೇ ಪಡೆಯುತ್ತದೆ, ಬೇರೆ ಗುರುತು ಬೇಕಿಲ್ಲ. ಆ ಗುರುತಿಲ್ಲದ ಜಾಗಕ್ಕೆ ಅವರು ವರ್ತಮಾನದ ರೂಪ ಇಟ್ಟರು, ನಾವು ಭೂತದ ರೂಪ ಇಟ್ಟೆವು. ಎರಡು ಭಾಷೆಯಲ್ಲೂ ಅಲ್ಲಿ ಭವಿಷ್ಯದ ಗುರುತು ಇಲ್ಲ. ಮಕ್ಕಳು ಒಳವಾಕ್ಯಕ್ಕೆ ಹಾಕುವ ಆ ಹೆಚ್ಚಿನ ‘ವಿಲ್’ ಕನ್ನಡದಿಂದ ನೇರ ಬಂದದ್ದಲ್ಲ ಎಂದು ನನಗೆ ಆಗ ಹೊಳೆಯಿತು. ‘ವಿಲ್ ಅಂದರೆ ಭವಿಷ್ಯತ್‌ಕಾಲ’ ಎಂದು ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದ ನಮ್ಮಂಥವರು ಕೊಟ್ಟ ಹೊರೆ ಅದು. ‘ಯಾರು ಮೊದಲು ಬರ್ತಾರೋ ಅವರಿಗೆ’ ಎಂಬ ಇನ್ನೊಂದು ದಾರಿಯೂ ಕನ್ನಡದಲ್ಲಿದೆ, ಅದು ಒಂದಿಷ್ಟು ದಾರಿ ತಪ್ಪಿಸುತ್ತದೆ ನಿಜ. ಆದರೆ ಅಲ್ಲೂ ‘ಬರ್ತಾರೆ’ ಎಂಬುದು ಇವತ್ತಿನದೂ ಹೌದು, ನಾಳೆಯದೂ ಹೌದು.

ಇಂಗ್ಲಿಷಿನ ಕ್ರಿಯಾಪದಕ್ಕೆ ರೂಪದಲ್ಲಿ ಇರುವ ಕಾಲ ಎರಡೇ, ವರ್ತಮಾನ ಮತ್ತು ಭೂತ. ಭವಿಷ್ಯಕ್ಕೆಂದು ಅದರ ಬಾಲಕ್ಕೆ ಸೇರುವ ಪ್ರತ್ಯಯವಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಳೆಯ ಮಾತನ್ನೂ ಬಹುಮಟ್ಟಿಗೆ ವರ್ತಮಾನದಲ್ಲೇ ಹೇಳುತ್ತಿದ್ದರು. ‘ವಿಲ್’ ಆಗ ‘ಬಯಸು’ ಎಂಬ ಅರ್ಥದ ಒಂದು ಪೂರ್ತಿ ಕ್ರಿಯಾಪದ, ‘ಶಲ್’ ಎಂದರೆ ‘ಕೊಡಬೇಕಾಗಿರುವುದು, ಋಣ’. ಸತ್ತವರು ಬರೆದಿಟ್ಟ ಆಸ್ತಿಪತ್ರಕ್ಕೆ ನಾವು ಇವತ್ತಿಗೂ ‘ವಿಲ್’ ಎನ್ನುವುದು ಆ ಹಳೆಯ ಅರ್ಥದ ಉಳಿಕೆ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ಯಾವ ಪುರುಷಕ್ಕೆ ‘ಶಲ್’ ಹಚ್ಚಬೇಕು, ಯಾವುದಕ್ಕೆ ‘ವಿಲ್’ ಎಂದು ನಿಯಮ ಕಟ್ಟಿದ. ನಮ್ಮ ಪಠ್ಯಗಳಲ್ಲಿ ಆ ನಿಯಮ ಬಹಳ ಕಾಲ ಉಳಿಯಿತು. ಅಂದರೆ ನಾವು ‘ಭವಿಷ್ಯತ್‌ಕಾಲ’ ಎಂದು ಮಕ್ಕಳ ತಲೆಗೆ ತುಂಬುವುದು ಮೂಲದಲ್ಲಿ ಒಬ್ಬ ಮನುಷ್ಯನ ಇಚ್ಛೆ.

ಈ ಮಾತು ನನ್ನೊಳಗೆ ಪೂರ್ತಿ ಇಳಿದದ್ದು ಅವ್ವ ಮಳೆಯ ಬಗ್ಗೆ ಆಡಿದ ಮಾತಿನಿಂದ. ಒಂದು ಆಷಾಢದಲ್ಲಿ ಬಾಗಿಲಲ್ಲಿ ಕೂತು ಮುಗಿಲು ನೋಡುತ್ತ, ‘ಮಳಿ ಬರವಲ್ದು ನೋಡವ್ವ’ ಅಂದಳು. ಬರವಲ್ದು. ಬರ ಒಲ್ಲದು. ಮಳೆಗೆ ಮನಸ್ಸಿಲ್ಲ. ನಮ್ಮ ಕಡೆ ಮೋಟರ್ ‘ಚಾಲೂ ಆಗವಲ್ದು’, ಕೂಸು ‘ಉಣ್ಣವಲ್ದು’, ಬೀಗ ‘ತೆಗೀವಲ್ದು’. ‘ಒಲ್ಲೆ’ ಎಂಬ ಬೇಡದ ಮಾತು ಜೀವವಿಲ್ಲದ ಮೋಟರಿಗೂ ಅಂಟಿಕೊಂಡಿದೆ. ಇಂಗ್ಲಿಷಿನವರು ಇದೇ ಸನ್ನಿವೇಶದಲ್ಲಿ ‘ದ ಮೋಟರ್ ವೋಂಟ್ ಸ್ಟಾರ್ಟ್’ ಎನ್ನುತ್ತಾರೆ. ‘ವೋಂಟ್’ ಎಂದರೆ ‘ವಿಲ್ ನಾಟ್’, ಅಂದರೆ ಒಲ್ಲದು. ಅಲ್ಲಿ ಭವಿಷ್ಯವೇನೂ ಇಲ್ಲ, ಮೋಟರು ಈಗಲೇ ಹಟ ಹಿಡಿದಿದೆ. ಅಷ್ಟು ದೂರದ ಎರಡು ಭಾಷೆ, ಒಂದು ಬಯಕೆಯ ಕ್ರಿಯಾಪದವನ್ನು ಹಿಡಿದು ಒಂದೇ ದಾರಿಯಲ್ಲಿ ನಡೆದಿವೆ. ಅವತ್ತು ನನಗಾದ ಸಂತೋಷವನ್ನು ಅವ್ವನಿಗೆ ವಿವರಿಸಲು ಹೋದೆ. ‘ಮಳಿ ಬರವಲ್ದು ಅಂದ್ರ ಇಕಿ ನಗಾಕತ್ಯಾಳ’ ಅಂತ ಅಪ್ಪನಿಗೆ ದೂರು ಹೇಳಿದಳು.

ಹೀಗಾಗಿ ಇಂಗ್ಲಿಷಿನ ರಿಲೇಟಿವ್ ಕ್ಲಾಜಿನೊಳಗೆ ‘ವಿಲ್’ ಕಂಡರೆ ಮೊದಲು ನೋಡಬೇಕಾದದ್ದು ಅದು ಇಚ್ಛೆಯೋ ಕಾಲವೋ ಎಂದು. ‘ಸಮ್‌ವನ್ ಹೂ ವಿಲ್ ಲಿಸನ್’ ಎಂದರೆ ನಾಳೆ ಕೇಳುವವನಲ್ಲ, ಕೇಳುವ ಮನಸ್ಸುಳ್ಳವನು. ‘ಎ ಚೈಲ್ಡ್ ಹೂ ವೋಂಟ್ ಈಟ್’ ಎಂದರೆ ಉಣ್ಣಲೊಲ್ಲದ ಕೂಸು. ಇಲ್ಲೆಲ್ಲ ‘ವಿಲ್’ ತೆಗೆದರೆ ವಾಕ್ಯ ಸಾಯುತ್ತದೆ. ಕೆಂಪು ಪೆನ್ನು ಹಿಡಿದವರು ಇದನ್ನು ಮರೆಯಬಾರದು. ನಾನು ಮರೆತು ಸರಿಯಿದ್ದ ವಾಕ್ಯಗಳಿಗೂ ಗೆರೆ ಎಳೆದಿದ್ದೇನೆ.

ಇನ್ನು ನಿಜವಾಗಿಯೂ ನಾಳೆಯ ‘ವಿಲ್’. ಇದಕ್ಕೆ ನನಗೆ ಸಿಕ್ಕ ದಾರಿ ಅಡುಗೆಮನೆಯದು. ಮನೆಗೆ ಬೀಗರು ಬರುವ ಹಿಂದಿನ ದಿನ ಅವ್ವ ಹೇಳುತ್ತಾಳೆ, ‘ನಾಳಿ ಬರೋರಿಗೆ ರೊಟ್ಟಿ ಬಡೀಬೇಕು.’ ಮರುದಿನದ್ದೇ ಇನ್ನೊಂದು ಕೆಲಸಕ್ಕೆ, ‘ಬಂದೋರಿಗೆ ನೀನು ನೀಡು, ನನಗ ಮೊಣಕಾಲು ನೋವು.’ ಅದೇ ಬೀಗರು, ಅದೇ ನಾಳೆ. ರೊಟ್ಟಿ ಬಡಿಯುವಾಗ ಅವರು ಇನ್ನೂ ಬಂದಿರುವುದಿಲ್ಲ, ಹಾಗಾಗಿ ‘ಬರೋರಿಗೆ’. ನೀಡುವಾಗ ಬಂದು ಕೂತಿರುತ್ತಾರೆ, ಹಾಗಾಗಿ ‘ಬಂದೋರಿಗೆ’. ಇವೆರಡನ್ನು ಅದಲುಬದಲು ಮಾಡಲು ಅಕ್ಷರ ಬಾರದ ನಮ್ಮ ಅವ್ವನಿಗೂ ಸಾಧ್ಯವಿಲ್ಲ. ಇಂಗ್ಲಿಷಿಗೆ ತಿರುಗಿಸಿದರೆ ಮೊದಲನೆಯದಕ್ಕೆ ‘ಹೂ ಆರ್ ಕಮಿಂಗ್ ಟುಮಾರೋ’ ಎಂದೋ ‘ಹೂ ವಿಲ್ ಬಿ ಕಮಿಂಗ್’ ಎಂದೋ ಬರುತ್ತದೆ. ಎರಡನೆಯದು ‘ಹೂಎವರ್ ಕಮ್ಸ್’. ಅಂದರೆ ಒಳಗಿನ ಕ್ರಿಯೆ ಹೊರಗಿನದಕ್ಕಿಂತ ಮೊದಲು ಮುಗಿಯುವುದಾದರೆ ನಮ್ಮದು ‘ಬಂದ’, ಅವರದು ‘ವಿಲ್’ ಇಲ್ಲದ ರೂಪ. ಆಮೇಲೆ ಆಗುವುದಾದರೆ ನಮ್ಮದು ‘ಬರುವ’, ಅವರದು ಭವಿಷ್ಯ ತೋರುವ ಯಾವುದಾದರೊಂದು ಕಟ್ಟು. ‘ಯು ವಿಲ್ ಮೀಟ್ ಪೀಪಲ್ ಹೂ ವಿಲ್ ಹೆಲ್ಪ್ ಯು’ ಎಂಬಲ್ಲಿ ಎರಡೂ ‘ವಿಲ್’ ಸರಿ, ಯಾಕೆಂದರೆ ಮೊದಲು ಸಿಗುತ್ತಾರೆ, ಆಮೇಲೆ ನೆರವಾಗುತ್ತಾರೆ. ನಮ್ಮಲ್ಲೂ ‘ನೆರವಾಗೋ ಜನ ಸಿಗ್ತಾರ’, ‘ನೆರವಾದ ಜನ’ ಅಲ್ಲ.

ಈ ತಕ್ಕಡಿ ಎಲ್ಲ ಕಡೆ ತೂಗುವುದಿಲ್ಲ. ‘ಇಲ್ಲಿ ಓದುವ ಮಕ್ಕಳಿಗೆ ಸೈಕಲ್ ಕೊಡುತ್ತಾರೆ’ ಎಂಬ ರೂಢಿಯ ಮಾತಿಗೆ ನಾವು ‘ಓದುವ’ ಎಂದರೂ ಇಂಗ್ಲಿಷಿನಲ್ಲಿ ‘ಹೂ ಸ್ಟಡಿ ಹಿಯರ್’. ‘ನಾಳೆ ಆರು ಗಂಟೆಗೆ ಬಿಡೋ ಬಸ್ಸು’ ವೇಳಾಪಟ್ಟಿಯದಾದ್ದರಿಂದ ‘ದ ಬಸ್ ದಟ್ ಲೀವ್ಸ್ ಅಟ್ ಸಿಕ್ಸ್’. ಗೊತ್ತಿರುವ ಒಬ್ಬರ ಬಗ್ಗೆ ಮಾತಿನ ನಡುವೆ ಸೇರಿಸುವ ಸಂಗತಿ, ‘ನಮ್ಮ ಅಣ್ಣ, ನಾಳೆ ಬರ್ತಾನಲ್ಲ, ಅವನು’ ಎಂಬಂಥದ್ದು, ಇಂಗ್ಲಿಷಿನಲ್ಲಿ ಎರಡು ಅಲ್ಪವಿರಾಮದ ನಡುವೆ ತನ್ನದೇ ‘ವಿಲ್’ ಇಟ್ಟುಕೊಂಡು ನಿಲ್ಲುತ್ತದೆ. ಅದು ಹೊರಗಿನ ವಾಕ್ಯಕ್ಕೆ ಅಂಟಿಕೊಂಡದ್ದಲ್ಲ, ಅದಕ್ಕೇ. ಆದರೂ ಕ್ಲಾಸಿನಲ್ಲಿ ನೂರಕ್ಕೆ ಬಹುಪಾಲು ವಾಕ್ಯಗಳನ್ನು ಅವ್ವನ ರೊಟ್ಟಿ ದಡ ಮುಟ್ಟಿಸುತ್ತದೆ. ಈಗ ನಾನು ಬೋರ್ಡಿನ ಮೇಲೆ ಮೊದಲು ಕನ್ನಡ ಬರೆಯುತ್ತೇನೆ. ‘ಬಂದವರಿಗೆ, ಬರುವವರಿಗೆ’ ಎಂದು ಬರೆದು, ಯಾವುದು ಕೂರುತ್ತದೆ ಎಂದು ಮಕ್ಕಳ ಕಿವಿಯನ್ನೇ ಕೇಳುತ್ತೇನೆ. ಅವರ ಕಿವಿ ತಪ್ಪುವುದಿಲ್ಲ. ಇಂಗ್ಲಿಷ್ ಅಲ್ಲಿಂದ ಮುಂದೆ.

ನಮ್ಮ ವ್ಯಾಕರಣದ ಪುಸ್ತಕಗಳ ಮೇಲೂ ನನಗೊಂದು ಬೇಸರವಿದೆ. 13ನೇ ಶತಮಾನದ ಕೇಶಿರಾಜ ಹಳಗನ್ನಡಕ್ಕೆ ದ, ದಪ, ವ ಎಂದು ಮೂರು ಕಾಲಕ್ಕೆ ಮೂರು ಪ್ರತ್ಯಯ ಹೇಳಿದ. ಪೋದಂ, ಪೋದಪಂ, ಪೋಪಂ. ಆ ‘ದಪ’ ಹೋಗಿ ಎಷ್ಟೋ ಕಾಲವಾಯಿತು. ‘ನಾಳೆ ಬರುವೆನು’ ಎಂದು ಯಾರೂ ಮಾತಾಡುವುದಿಲ್ಲ, ‘ನಾಳೆ ಬರ್ತೀನಿ’ ಎನ್ನುತ್ತಾರೆ. ಆದರೂ ಮಕ್ಕಳಿಗೆ ಮೂರು ಕಾಲದ ಪಟ್ಟಿ ಹಾಗೇ ಉರು ಹೊಡೆಸುತ್ತೇವೆ. ಆಡುವ ಕನ್ನಡ ಇವತ್ತು ನೋಡುವುದು ಮುಗಿಯಿತೇ, ಮುಗಿದಿಲ್ಲವೇ ಎಂದು. ಪತ್ರಿಕೆಗಳು ಭವಿಷ್ಯವನ್ನು ಖಚಿತ ಮಾಡಲು ‘ನಡೆಯಲಿರುವ’, ‘ಬಿಡುಗಡೆಯಾಗಲಿರುವ’ ಎಂದು ಬರೆಯುತ್ತವೆ. ಓದಲು ಸ್ವಲ್ಪ ಬಿಗಿ ಅನಿಸಿದರೂ ನೋಟಿಸಿನಲ್ಲಿ ಅಂಥ ಬಿಗಿ ಬೇಕು ಎಂದು ನಾನು ನನ್ನ ತಪ್ಪಿನಿಂದ ಕಲಿತೆ. ಈಗ ನೀರಿನ ಪ್ರಕಟಣೆ ಬಂದರೆ ‘ಈ ದಿನಾಂಕದ ನಂತರ ನಾಟಿ ಮಾಡುವ’ ಎಂದು ಬರೆಯುತ್ತೇನೆ, ‘ಈಗಾಗಲೇ ನಾಟಿ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ’ ಎಂದು ಬೇರೆ ಸಾಲು ಸೇರಿಸಬಹುದೇ ಎಂದು ಕೇಳುತ್ತೇನೆ. ಮೂಲದಲ್ಲಿ ಆ ಸಾಲು ಇರುವುದಿಲ್ಲ. ಕನ್ನಡಕ್ಕೆ ಅದು ಬೇಕು.

ಮುಗಿದದ್ದರ ರೂಪದಲ್ಲಿ ಮುಂದಿನದನ್ನು ಹೇಳುವ ನಮ್ಮ ಅಭ್ಯಾಸ ಎಷ್ಟು ಆಳ ಎಂಬುದು 2024ರ ಆಗಸ್ಟಿನಲ್ಲಿ ಮತ್ತೆ ಕಂಡಿತು. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಧುಮುಕತೊಡಗಿತು. ಬೆಳಿಗ್ಗೆ ಊರಿಗೆ ಫೋನ್ ಮಾಡಿದರೆ ಅಪ್ಪ ಒಂದೇ ಮಾತು ಹೇಳಿದ: ‘ಎರಡನೇ ಬೆಳಿ ಹೋತು.’ ಎರಡನೇ ಬೆಳೆಗೆ ಇನ್ನೂ ನಾಲ್ಕು ತಿಂಗಳಿತ್ತು, ಹೊಲದಲ್ಲಿ ಮೊದಲನೆಯದೇ ಬೇರೂರಿರಲಿಲ್ಲ. ಆದರೂ ‘ಹೋತು’. ‘ಹೋಗ್ತದ’ ಎಂದಿದ್ದರೆ ಅದರಲ್ಲಿ ಆಸೆಗೆ ಇಷ್ಟು ಜಾಗ ಇರುತ್ತಿತ್ತು. ವಾರದೊಳಗೆ ಅಲ್ಲಿ ನೀರು ತಡೆಯುವ ತಾತ್ಕಾಲಿಕ ಹಲಗೆ, ಸ್ಟಾಪ್‌ಲಾಗ್, ಇಳಿಸಿದರು, ಆಮೇಲೆ ಮಳೆಯೂ ಆಯಿತು. ಅಪ್ಪನ ಮಾತು ಆ ದಿನದ ಮಟ್ಟಿಗೆ ಸುಳ್ಳಲ್ಲ. ಮನಸ್ಸಿನಲ್ಲಿ ಬೆಳೆ ಹೋಗಿತ್ತು.

ಸಂತೋಷದ ಕಡೆಗೂ ಇದೇ ವ್ಯಾಕರಣ. ದೂರದ ತಿರುವಿನಲ್ಲಿ ಧೂಳು ಕಂಡರೆ ‘ಬಸ್ ಬಂತು’ ಎಂದು ಚೀಲ ಎತ್ತಿಕೊಳ್ಳುತ್ತೇವೆ. ಹೊರಗೆ ಯಾರಾದರೂ ಕರೆದರೆ ಒಲೆ ಮುಂದಿಂದ ಏಳದೆಯೇ ‘ಬಂದೆ’ ಎನ್ನುತ್ತೇವೆ. ಇಂಗ್ಲಿಷಿನವರು ಅಲ್ಲಿ ‘ಐ ಆಮ್ ಕಮಿಂಗ್’ ಎನ್ನುತ್ತಾರೆ. ಅವರಿಗೆ ದಾರಿಯಲ್ಲಿರುವುದು ಸಾಕು. ನಮಗೆ ಕರೆದವರ ಮುಂದೆ ಆಗಲೇ ನಿಂತಂತೆ ಹೇಳಬೇಕು.

ಹೋದ ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟು ಸಾಕಷ್ಟು ದಿನವಾಗಿದ್ದರೂ ನಮ್ಮ ಉಪಕಾಲುವೆಗೆ ಹನಿ ಬಂದಿರಲಿಲ್ಲ. ನಾನು ಊರಲ್ಲೇ ಇದ್ದೆ. ರಾತ್ರಿ ಒಂಬತ್ತರ ಸುಮಾರಿಗೆ ಅಪ್ಪನ ಫೋನು ಬಡಿಯಿತು. ಮಾತಾಡಿ ಇಟ್ಟವನೇ ಗ್ವಾಡಿಗೆ ಆನಿಸಿದ್ದ ಸಲಿಕೆ ತೆಗೆದುಕೊಂಡ, ಟಾರ್ಚಿಗೆ ಹುಡುಕಾಡಿದ. ‘ನೀರು ಬಂತವ್ವ’ ಅಂದ.

‘ಬಂತೋ, ಬರ್ತದೋ ಯಪ್ಪಾ?’

‘ಮ್ಯಾಲಿನ ತೂಬಿಗೆ ಬಂದದಂತ. ಗ್ಯಾಂಗ್‌ಮನ್ ಹೇಳಿದ.’

ಮೇಲಿನ ತೂಬು ನಮ್ಮ ಹೊಲದಿಂದ ಎರಡು ಮೈಲು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಹೊಲಗಳ ಬಾಯಿ ತೆರೆದಿರುತ್ತವೆಂದು ಇಬ್ಬರಿಗೂ ಗೊತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ. ಒಣಗಿದ ಕಾಲುವೆಯ ದಂಡೆಯ ಮೇಲೆ ಟಾರ್ಚಿನ ಬೆಳಕು ಮುಂದೆ ಮುಂದೆ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ಬಾಜೂ ಹೊಲದವರು ಸಿಕ್ಕು ‘ಏನ್ ಮಾವ, ಇಷ್ಟೊತ್ನಾಗ?’ ಎಂದು ಕೇಳಿದರು. ಅಪ್ಪ ನಿಲ್ಲಲಿಲ್ಲ. ‘ನೀರು ಬಂತಪ್ಪ’ ಅಂದ.